ಟ್ರೌಸಿಸ್ ಯಾರದು? ದಾಯಭಾಗದ ಒಂದು ವಿಚಾರಣೆ

ವೆಲ್ಷ್ ಭಾಷೆಯಲ್ಲಿ ಪ್ಯಾಂಟಿಗೆ ‘ಟ್ರೌಸಿಸ್’ ಎನ್ನುತ್ತಾರೆ. ಇದು ಇಂಗ್ಲಿಷಿನ ‘ಟ್ರೌಸರ್ಸ್’ನಿಂದ ತಂದ ಸಾಲವೆಂದು ಪಂಡಿತರು ಷರಾ ಬರೆದು ಕೈತೊಳೆದುಕೊಂಡಿದ್ದಾರೆ. ಸಾಲವೆಂದಮೇಲೆ ಮೂಲಪತ್ರ ನೋಡಬೇಡವೆ? ಇಂಗ್ಲಿಷರ ಕಪಾಟು ತೆಗೆದರೆ ಅಲ್ಲಿ ಸಿಗುವುದು ಐರ್ಲೆಂಡ್, ಸ್ಕಾಟ್ಲೆಂಡುಗಳ ಗೇಲಿಕ್ ಮಾತು. ಗೇಲಿಕ್ ಕೆಲ್ಟಿಕ್ ಮನೆತನದ್ದು, ವೆಲ್ಷ್ ಕೂಡ ಅದೇ ಮನೆತನದ್ದು. ಲಾಂಡ್ರಿಗೆ ಹಾಕಿದ ಪ್ಯಾಂಟು ವಾಪಸು ಬಂದರೆ ಅದನ್ನು ಸಾಲವೆನ್ನುವುದುಂಟೆ? ಗೇಲಿಕ್ಕೂ ವೆಲ್ಷೂ ಬೇರೆ ಬೇರೆ ಶಾಖೆಗಳಲ್ಲವೇ ಎಂದು ಕೇಳುವವರಿದ್ದಾರೆ. ಒಲೆ ಬೇರೆಯಾದ ಮಾತ್ರಕ್ಕೆ ದಾಯಾದಿತನ ತಪ್ಪುವುದಿಲ್ಲ. ಗೇಲಿಕ್ಕಿನವರೇ ಅದನ್ನು ಹಳೆಯ ಫ್ರೆಂಚಿನಿಂದ ಎತ್ತಿಕೊಂಡಿರಬಹುದೆಂಬ ವಾದವೂ ಉಂಟು. ಎತ್ತಿಕೊಂಡಿರಲಿ. ಆ ಫ್ರಾನ್ಸ್ ಹಿಂದೆ ಕೆಲ್ಟರ ಗಾಲ್ ನಾಡು. ಅದರ ದಕ್ಷಿಣ ಭಾಗವನ್ನು ರೋಮನರು ‘ಗಾಲಿಯಾ ಬ್ರಾಕಾಟಾ’, ಅಂದರೆ ಷರಾಯಿ ತೊಟ್ಟ ಗಾಲ್ ಎಂದೇ ಕರೆದರು. ಟೋಗಾ ಸುತ್ತಿಕೊಂಡವರ ಕಣ್ಣಿಗೆ ಮೊದಲು ಬಿದ್ದದ್ದು ಷರಾಯಿಯೇ. ಎತ್ತ ಎಳೆದರೂ ಲಾಡಿ ಕೆಲ್ಟರ ಕೈಗೇ ಬರುತ್ತದೆ.

ಇನ್ನು ಸ್ವಾಧೀನದ ಪುರಾವೆ. ಇಂಗ್ಲಿಷಿನಲ್ಲಿ ಪ್ಯಾಂಟು ಒಂದೇ ಇದ್ದರೂ ಬಹುವಚನ. ವೆಲ್ಷರು ಕೊನೆಯ ಸಕಾರವನ್ನು ಕಳಚದೆಯೇ ಅದನ್ನು ಏಕವಚನಕ್ಕೆ ಇಳಿಸಿದ್ದಾರೆ. ‘ಒಂದು ಸಾಕ್ಸು ಕಾಣುತ್ತಿಲ್ಲ’ ಎಂದು ಮಂಚದ ಕೆಳಗೆ ಹುಡುಕುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿಗೇ ಬಿಡಲಿಲ್ಲ. ಬೆಟ್ಟ, ತಾವರೆ ಸೇರಿ ‘ಬೆಟ್ಟದಾವರೆ’ಯಾಗುವ ನಮ್ಮ ಆದೇಶ ಸಂಧಿಯನ್ನು ಹೋಲುವ ಒಂದು ನಿಯಮ ವೆಲ್ಷಿನಲ್ಲೂ ಇದೆ, ಪಾಪದ ಪ್ಯಾಂಟನ್ನೂ ಅದು ಬಿಟ್ಟಿಲ್ಲ. ಅವನದಾದರೆ ‘ಈ ಡ್ರೌಸಿಸ್’, ಅವಳದಾದರೆ ‘ಈ ಥ್ರೌಸಿಸ್’, ನನ್ನದಾದರೆ ಮೂಗಿನಿಂದ ಉಸಿರು ಬಿಟ್ಟು ‘ವ ನ್ಹ್ರೌಸಿಸ್’. ‘ಅವನ’, ‘ಅವಳ’ ಎರಡಕ್ಕೂ ಅಲ್ಲಿ ‘ಈ’ ಎಂಬ ಒಂದೇ ಉಚ್ಚಾರ. ತೊಟ್ಟವರು ಗಂಡೋ ಹೆಣ್ಣೋ ಎಂದು ಸಾಕ್ಷಿ ಹೇಳುವುದು ಪ್ಯಾಂಟಿನ ಮೊದಲಕ್ಷರ. ಯಜಮಾನನಿಗೆ ತಕ್ಕಂತೆ ತಲೆಯನ್ನೇ ಬದಲಿಸಿಕೊಳ್ಳುವ ಬಾಡಿಗೆ ಬಟ್ಟೆ ಲೋಕದಲ್ಲಿ ಇನ್ನೆಲ್ಲಿದೆ? ವೆಲ್ಷಿಗೆ ‘ಲ್ಹೊಡ್ರೈ’ ಎಂಬ ಸ್ವಂತ ಹಳೆಯ ಮಾತಿತ್ತಲ್ಲ ಎಂಬುದು ಕೊನೆಯ ತಕರಾರು. ಇತ್ತು. ಆದರೆ ಎರಡನೆಯ ಪ್ಯಾಂಟು ಇದ್ದವರೆಲ್ಲ ಕಳ್ಳರೆಂದು ಯಾವ ಕೋರ್ಟೂ ಹೇಳಿಲ್ಲ.

ಆದಕಾರಣ ಟ್ರೌಸಿಸ್ ವೇಲ್ಸಿನದೇ. ಇಂಗ್ಲಿಷಿಗೆ ಒಗೆದು ಇಸ್ತ್ರಿ ಮಾಡಿದ ಕೂಲಿ ಮಾತ್ರ ಸಲ್ಲತಕ್ಕದ್ದು.