ಹಿಂದೆ ಕೂತವನ ಲೆಕ್ಕ

ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದರೆ ಹೋಳಿಗೆ ಸಿಗುತ್ತದೋ ಇಲ್ಲವೋ, ಭಾವನ ರೋಲಿಂಗ್ ಸ್ಟೋನ್ಸ್ ಪುರಾಣ ಮಾತ್ರ ಖಾತ್ರಿ. 2003ರಲ್ಲಿ ಆ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಭಾವ ಮಳೆಯಲ್ಲಿ ನೆನೆಯುತ್ತಾ ನೋಡಿದ್ದರಂತೆ. ಮೊದಮೊದಲು ಅದು ತುಂತುರು. ನನ್ನ ಮದುವೆ ಹೊತ್ತಿಗೆ ಜಡಿಮಳೆಯಾಗಿತ್ತು. ಈಗೀಗ ಕೇಳಿದರೆ ಆಗುಂಬೆಯೇ ಬಸ್ಸು ಹತ್ತಿ ಬಂದು ಸುರಿದು ಹೋದ ಹಾಗಿರುತ್ತದೆ. ಅಷ್ಟು ನೆಂದವರ ಮುಂದೆ "ಜಗತ್ತಿನ ಶ್ರೇಷ್ಠ ಬ್ಯಾಂಡ್ ಅಂದರೆ ಬೀಟಲ್ಸ್" ಅನ್ನಬಾರದು. ನಾನು ಅನ್ನುತ್ತೇನೆ. ಹೋಗುವುದೇ ಅದಕ್ಕೆ.

"1970ಕ್ಕೇ ಅಂಗಡಿ ಮುಚ್ಚಿದವರು ಯಾವ ಶ್ರೇಷ್ಠರಯ್ಯ? ನಮ್ಮವರು 1962ರಲ್ಲಿ ತೆಗೆದ ಬಾಗಿಲು ಇನ್ನೂ ಹಾಕಿಲ್ಲ."

"ಆಯುಸ್ಸೇ ಲೆಕ್ಕವಾದರೆ ನಿಮ್ಮ ಹಳೇ ಸ್ಕೂಟರೂ ಶ್ರೇಷ್ಠವೇ ಭಾವ. ಅಂದ ಹಾಗೆ, 1963ರಲ್ಲಿ ನಿಮ್ಮವರ ಎರಡನೇ ರೆಕಾರ್ಡಿಗೆ ಹಾಡು ಬರೆದುಕೊಟ್ಟವರು ಯಾರು? ನಮ್ಮ ಲೆನನ್, ಮೆಕಾರ್ಟ್ನಿ!"

ಭಾವ ಹಪ್ಪಳ ಮುರಿದರು. "2023ರಲ್ಲಿ ನಮ್ಮ ಆಲ್ಬಮ್ಮಿಗೆ ಬಂದು ಬೇಸ್ ಗಿಟಾರ್ ನುಡಿಸಿ ಹೋದವರು ಯಾರು? ನಿಮ್ಮ ಅದೇ ಮೆಕಾರ್ಟ್ನಿ!"

ನೋಡಿ, ಆ ಎರಡು ಮನೆಯವರು ಕಾಂಪೌಂಡಿನ ಮೇಲಿಂದ ಕರಿಬೇವು, ಹೆಪ್ಪು ಕೊಟ್ಟು ತಗೊಂಡು ಅರವತ್ತು ವರ್ಷದಿಂದ ಹಾಯಾಗಿದ್ದಾರೆ. ಜಗಳ ಆಡುವ ಕೆಲಸವನ್ನು ಮಾತ್ರ ನಮಗೆ ಗುತ್ತಿಗೆ ಕೊಟ್ಟಿದ್ದಾರೆ.

ಈ ಸಲ ನಾನು ಹೊಸದೊಂದು ಸಿದ್ಧಾಂತ ಕಟ್ಟಿಕೊಂಡು ಹೋಗಿದ್ದೆ. ಹಾಡುವವನು, ಗಿಟಾರ್ ಹಿಡಿದು ಹಾರುವವನು ಎಲ್ಲ ಬಿಡಿ; ಬ್ಯಾಂಡಿನ ಯೋಗ್ಯತೆ ತಿಳಿಯುವುದು ಹಿಂದೆ ಕೂತ ಡ್ರಮ್ಮರನಿಂದ. ಅವನು ಎದ್ದು ಹೋದ ದಿನ ಉಳಿದವರು ಏನು ಮಾಡುತ್ತಾರೆ, ಅಷ್ಟು ನೋಡಿದರೆ ಸಾಕು. ಲೆಡ್ ಝೆಪೆಲಿನ್‌ನ ಜಾನ್ ಬೊನಮ್ 1980ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಡಿಸೆಂಬರಿಗೆ ಉಳಿದ ಮೂವರು 'ಇನ್ನು ಸಾಕು' ಅಂದರು. ಇನ್ನು ನಮ್ಮ ರಿಂಗೋ. 1968ರಲ್ಲಿ ಬಿಳಿ ರಟ್ಟಿನ ಆ ಜೋಡಿ ಆಲ್ಬಮ್ ರೆಕಾರ್ಡಿಂಗ್ ನಡೆಯುವಾಗ ಮುನಿಸಿಕೊಂಡು ಸಾರ್ಡಿನಿಯಾಕ್ಕೆ ಹೋಗಿಬಿಟ್ಟ. ಡ್ರಮ್ಮನ್ನು ಪಾಲ್ ತಾನೇ ಬಾರಿಸಿ ಸುಧಾರಿಸಿದ. ತವರಿಗೆ ಹೋದ ಸೊಸೆಯ ಹಾಗೆ ಎರಡು ವಾರ ಬಿಟ್ಟು ರಿಂಗೋ ವಾಪಸು ಬಂದರೆ, ಡ್ರಮ್ ಸೆಟ್ಟಿಗೆ ಆಯುಧಪೂಜೆ ದಿನದ ಲಾರಿಯಂತೆ ಹೂವೋ ಹೂವು! ಹೋದ ಕಡೆ ಒಂದು ಹಾಡಿನ ಎಳೆ ಬೇರೆ ಹಿಡಿದುಕೊಂಡು ಬಂದಿದ್ದ.

"ಅಬ್ಬಾ, ಕೊನೆಗೂ ಬುದ್ಧಿ ಬಂತು," ಅಂದರು ಭಾವ. "ಚಾರ್ಲಿ ವಾಟ್ಸ್! 1963ರಿಂದ ಒಂದೇ ಸ್ಟೂಲು. ಮುಂದೆ ಇವರು ಎಷ್ಟೇ ಕುಣಿದರೂ ಆತ ಬ್ಯಾಂಕ್ ಮ್ಯಾನೇಜರ್ ತರಹ ಕೂತಿರುತ್ತಿದ್ದ. ಮನಸ್ಸೆಲ್ಲ ಜಾಝ್‌ನಲ್ಲಿ. ಆ ಮಳೆಯಲ್ಲೂ..."

"ಮಳೆ ಇರಲಿ ಭಾವ. 2021ರಲ್ಲಿ ಚಾರ್ಲಿ ಹೋದ. ಒಂದು ತಿಂಗಳಿಗೇ ನಿಮ್ಮವರು ಬೇರೆ ಡ್ರಮ್ಮರನ್ನು ಕೂರಿಸಿಕೊಂಡು ಟೂರ್ ಹೊರಟರು. ನನ್ನ ಲೆಕ್ಕದಲ್ಲಿ..."

ಭಾವ ಸಾರನ್ನೇ ನೋಡುತ್ತಾ ಕೂತರು. ಗೆದ್ದೆ ಅನ್ನಿಸಿತು, ಸ್ವಲ್ಪ ಪಾಪ ಅಂತಲೂ ಅನ್ನಿಸಿತು. ಆ ಟೂರಿಗೆ ತನ್ನ ಬದಲು ಬೇರೆಯವನನ್ನು ಕೂರಿಸಲು ಕಾಯಿಲೆ ಬಿದ್ದ ಚಾರ್ಲಿಯೇ ಒಪ್ಪಿದ್ದ ಅನ್ನುವ ಸಂಗತಿ ನನಗೆ ಗೊತ್ತಿತ್ತು. ಹೇಳಲಿಲ್ಲ. ವಾದದಲ್ಲಿ ಎದುರಾಳಿಗೆ ನೀರು ಕೊಟ್ಟು ಉಪಚರಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳು ಕಿವಿಯಿಂದ ಬಿರಡೆ ತೆಗೆದಳು. "ಮಾಮ, ಬಿಟಿಎಸ್?"

"ಕೊರಿಯಾದವರಾ? ಎಷ್ಟು ಜನ?"

"ಏಳು."

"ಡ್ರಮ್ಮರ್ ಯಾರು?"

"ಯಾರೂ ಇಲ್ಲ. ಏಳೂ ಜನ ಹಾಡ್ತಾರೆ, ಕುಣೀತಾರೆ. 2020ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟೀಲಿ ನಂಬರ್ ಒನ್."

ಹಿಂದೆ ಕೂರುವವನೇ ಇಲ್ಲದ ಮೇಲೆ ಎದ್ದು ಹೋಗುವವನನ್ನು ಎಲ್ಲಿಂದ ತರಲಿ? ಸಿದ್ಧಾಂತ ಅನ್ನದ ಜೊತೆ ಕಲಸಿಹೋಯಿತು. ಭಾವನ ಮುಖ ಅರಳಿತು. ಸೋತದ್ದು ತಾವೊಬ್ಬರೇ ಅಲ್ಲವಲ್ಲ.

ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಅಮ್ಮ ಲೋಟ ಕೆಳಗಿಟ್ಟರು. "ನನ್ನ ಮದುವೇಲಿ ವಾಲಗದವರು ಬಂದಿದ್ರಲ್ಲ, ಅವರ ಮುಂದೆ ಯಾರೂ ಇಲ್ಲ. ಪುರೋಹಿತರು ಬೆರಳು ಎತ್ತಿದ್ದೇ ತಡ, ಆ ಡೋಲಿನವನು ಗಟ್ಟಿಮೇಳ ಬಾರಿಸಿದ ನೋಡು, ನಿಮ್ಮಪ್ಪ ಬೆಚ್ಚಿಬಿದ್ದು ಎರಡೇ ಗಂಟು ಹಾಕಿ ಕೈಬಿಟ್ಟರು. ಮೂರನೇದು ನಿಮ್ಮ ಸೋದರತ್ತೆ ಹಾಕಿದ್ದು."

ಯಾರೂ ಉಸಿರೆತ್ತಲಿಲ್ಲ. ಭಾವ ಮಾತ್ರ ಕುತೂಹಲ ತಡೆಯಲಾರದೆ ಕೇಳಿದರು:

"ಅವತ್ತು ಮಳೆ ಬಂದಿತ್ತಾ ಅತ್ತೆ?"