ಒಣಮೀನು ನೋಡಲು ನಾರ್ವೆಗೆ

ಥಾಣೆ ಶಹರ ಒಂದು ದ್ವೀಪದ ಮೇಲಿದೆ ಎಂದರೆ ಮೊದಲು ನಗುವವರು ಥಾಣೆಯವರೇ. ನಕ್ಷೆ ಮಾತ್ರ ನಗುವುದಿಲ್ಲ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಥಾಣೆ ಖಾಡಿ, ಬಡಗಣಕ್ಕೆ ಉಲ್ಹಾಸ ನದಿ ಮತ್ತು ವಸಾಯಿ ಖಾಡಿ, ನಡುವೆ ಸಾಲ್ಸೆಟ್ ದ್ವೀಪ. ಹಳೆಯ ಬೊಂಬಾಯಿಯ ಏಳು ದ್ವೀಪಗಳಿಂದ ನೋಡಿದರೆ ಇದೇ ಉತ್ತರದ ದ್ವೀಪ. ಘೋಡಬಂದರ್ ರಸ್ತೆಯ ಇಪ್ಪತ್ತನೆಯ ಮಾಳಿಗೆಯಲ್ಲಿ ‘ಕ್ರೀಕ್ ವ್ಯೂ’ಗೆಂದು ಚದರಡಿಗೆ ಇಷ್ಟು ಹೆಚ್ಚು ತೆತ್ತ ಮಹಾಶಯ, ಖಾಡಿಯ ಕಡೆಯ ಕಿಟಕಿಯನ್ನು ವಾಸನೆಗೆ ಹೆದರಿ ವರ್ಷವಿಡೀ ಮುಚ್ಚಿಟ್ಟು, ಮೇ ರಜೆ ಬಂದೊಡನೆ ಉತ್ತರದ ದ್ವೀಪಗಳನ್ನು ನೋಡಲು ನಾರ್ವೆಗೆ ಹೊರಡುತ್ತಾನೆ.

ಡೊಂಬಿವಲಿಯ ನಮ್ಮ ಹೋಟೆಲ್ ಧಣಿಗಳೂ ಹೋಗಿ ಬಂದರು. ತಲೆಗೆ ಮೂರೂವರೆ ಲಕ್ಷ. “ಸಣ್ಣ ಕ್ರೂಸು ಮಾರಾಯ್ರೆ, ಪೂರ್ತಿ ಆರಾಮಿನದ್ದು” ಎಂದು ಅವರು ಹೇಳುವಾಗ ‘ಆರಾಮ’ ಎಂಬಲ್ಲಿ ನಾಲಗೆ ಸ್ವಲ್ಪ ತಡವರಿಸುತ್ತದೆ. ಜೀವಮಾನವಿಡೀ ಗಲ್ಲಾದ ಮೇಲೆ ಕೂತವರಿಗೆ ಅದು ಹೊಸ ಐಟಂ. ಟೂರ್ ಕಂಪೆನಿಯವರು ಅಡುಗೆಯ ಮಹಾರಾಜನನ್ನೂ ಜೊತೆಗೆ ಕಳಿಸಿದ್ದರಿಂದ ಫ್ಯೋರ್ಡಿನ ಮಧ್ಯದಲ್ಲಿ ಬಿಸಿ ಪೋಹೆ ಸಿಕ್ಕಿತಂತೆ. ಹಿಮನದಿ ಬಂಡೆ ಕೊರೆದು ಬಿಟ್ಟುಹೋದ ಕಣಿವೆಗೆ ಸಮುದ್ರ ನುಗ್ಗಿ ಆದದ್ದು ಈ ಫ್ಯೋರ್ಡು. ಸೋಗ್ನೆ ಫ್ಯೋರ್ಡಿನ ಉದ್ದ 200 ಕಿಲೋಮೀಟರಿಗೂ ಮಿಕ್ಕಿ, ಆಳ 1300 ಮೀಟರಿಗೂ ಮಿಕ್ಕಿ. ಪೋಹೆಗೆ ಲಿಂಬೆ ಸಾಲಲಿಲ್ಲ ಎಂಬುದು ಧಣಿಗಳಿಗೆ ಇವೆರಡು ಅಂಕಿಗಳಿಗಿಂತ ಚೆನ್ನಾಗಿ ನೆನಪಿದೆ.

ಪ್ರವಾಸದ ಶಿಖರ ಲೋಫೋಟೆನ್ ದ್ವೀಪಗಳು. ಅಲ್ಲಿ ಕಾಡ್ ಮೀನನ್ನು ಜೋಡಿಜೋಡಿಯಾಗಿ ಬಾಲ ಕಟ್ಟಿ, ಉಪ್ಪು ಹಾಕದೆ, ಮರದ ಚಪ್ಪರಗಳ ಮೇಲೆ ತಿಂಗಳುಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ಅಂದರೆ ಒಣಮೀನು. ಮಲ್ಪೆಯ ಕಡಲ ಕರೆಯಲ್ಲಿ ಹುಟ್ಟಿದ ಧಣಿಗಳ ಹೆಂಡತಿ ಅದರ ಕೆಳಗೆ ನಿಂತು, ಉಸಿರು ಎಳೆದುಕೊಂಡು, ಹನ್ನೊಂದು ಸೆಲ್ಫಿ ತೆಗೆದರು. ಅದೇ ಅಮ್ಮ ಕಳೆದ ಮಳೆಗಾಲ ಸೊಸೈಟಿ ಕಮಿಟಿಯ ಪರವಾಗಿ ಲಿಫ್ಟಿನ ಬಾಗಿಲಿಗೆ ನೋಟೀಸು ಅಂಟಿಸಿದ್ದರು: ಬಾಲ್ಕನಿಯಲ್ಲಿ ಒಣಮೀನು ಇಡತಕ್ಕದ್ದಲ್ಲ.

ನಮ್ಮ ಸರಕಾರ ಕೈಕಟ್ಟಿ ಕೂತಿದೆ ಎಂದು ಯಾರೂ ದೂರುವಂತಿಲ್ಲ. 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯಲ್ಲಿ ಕಲ್ಯಾಣ್–ಥಾಣೆ–ಮುಂಬಯಿ ನೀರಿನ ದಾರಿಗೆ 53ನೇ ನಂಬರು ಕೊಟ್ಟಿದ್ದಾರೆ, ಉದ್ದ 145 ಕಿಲೋಮೀಟರು. ವಸಾಯಿಗೂ ಭಾಯಂದರಿಗೂ ನಡುವೆ 2024ರ ಫೆಬ್ರವರಿಯಲ್ಲಿ ರೋ-ರೋ ದೋಣಿ ಶುರುವಾದದ್ದು ನಿಜ. ಹೇಳದಿದ್ದರೆ ನಾಲಗೆಗೆ ಪಾಪ ತಟ್ಟುತ್ತದೆ. ಉಳಿದಂತೆ ನಂಬರು ತಲುಪಿದೆ, ಹಡಗು ಹಿಂದಿನಿಂದ ಬರುತ್ತಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ನಲ್ಲಿ ಕಲ್ಯಾಣದ ಹೆಸರಿದೆ, ಬಂದರಾಗಿ. ಆಗ ಕಲ್ಯಾಣಕ್ಕೆ ಹಡಗಿನಲ್ಲಿ ಬರಬಹುದಿತ್ತು. ಈಗ ಕಲ್ಯಾಣದವನು ಬೆಳಗಿನ ಫಾಸ್ಟ್ ಲೋಕಲಿನ ಬಾಗಿಲಲ್ಲಿ ಜೋತುಬಿದ್ದು, ಪಕ್ಕದವನ ಕಂಕುಳಿನ ಕೆಳಗಿಂದ ನೀರು ನೋಡುತ್ತಾನೆ. ಅವನಿಗೂ ಅದೊಂದು ವ್ಯೂ.

ನವಿ ಮುಂಬಯಿಯ ಕತೆ ಇದಕ್ಕಿಂತ ಮಜವಾದದ್ದು. 1990ರ ದಶಕದಲ್ಲಿ ಹೋವರ್‌ಕ್ರಾಫ್ಟ್ ಬಂತು, ಹೋಯಿತು. 2022ರ ಫೆಬ್ರವರಿಯಲ್ಲಿ ಬೇಲಾಪುರದಿಂದ ವಾಟರ್ ಟ್ಯಾಕ್ಸಿ ಬಂತು. ಕಟಮರಾನಿಗೆ 290 ರೂಪಾಯಿ. ಲೋಕಲಿನ ಎರಡನೇ ದರ್ಜೆಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಗುಮಾಸ್ತ ಲೆಕ್ಕ ಹಾಕಿ ರೈಲು ಹತ್ತಿದ. ನೆರೂಲಿನಲ್ಲಿ ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ ಕೋಟಿ ಕೋಟಿ ಸುರಿದು ಚಂದದ ಜೆಟ್ಟಿ ಕಟ್ಟಿತು. ಕಟ್ಟಿದ ಮೇಲೆ ದೋಣಿಯ ದಾರಿ ಕಾಯುತ್ತ ಅದು ಸುಮ್ಮನೆ ಕೂತಿತ್ತು. ದೋಣಿ ಇಲ್ಲದಿದ್ದರೇನು, ‘ಜೆಟ್ಟಿಗೆ ದಾರಿ’ ತೋರಿಸಲು ದೊಡ್ಡ ಫಲಕ ಎದ್ದಿತ್ತು. 2024ರ ಆರಂಭದಲ್ಲಿ ಫ್ಲೆಮಿಂಗೊ ಹಕ್ಕಿಗಳು ಅದಕ್ಕೇ ಬಡಿದು ಸತ್ತವು. ಫಲಕ ನಂಬಿ ಜೆಟ್ಟಿಯತ್ತ ಬಂದ ಮೊದಲ ಪ್ರಯಾಣಿಕರು ಅವೇ ಇರಬೇಕು. ಆಮೇಲೆ ಫಲಕ ಇಳಿಸಿದರು. ‘ಫ್ಲೆಮಿಂಗೊ ಸಿಟಿ’ ಎಂಬ ಬಿರುದನ್ನು ಮಾತ್ರ ಊರು ಇಳಿಸಿಲ್ಲ.

ಹಾಗೆಂದು ಜಲವಿಹಾರವೇ ಇಲ್ಲವೆಂದಲ್ಲ. ಐರೋಲಿಯಿಂದ ಅರಣ್ಯ ಇಲಾಖೆಯ ದೋಣಿ ಹೋಗುತ್ತದೆ. ಥಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾದದ್ದು, ಸುಮಾರು 1690 ಹೆಕ್ಟೇರು, 2022ರಿಂದ ರಾಮ್ಸಾರ್ ತಾಣ. ದೋಣಿ ಬಿಡುವುದು ಭರತ ನೋಡಿಕೊಂಡು. ಚಂದ್ರನ ಟೈಮ್‌ಟೇಬಲ್ಲಿಗೆ ಹೊಂದಿಕೊಳ್ಳಲು ಧಣಿಗಳಿಗೆ ಪುರುಸೊತ್ತಿಲ್ಲ. ತವರಿನ ಹಕ್ಕಿ ನೋಡಲು ವೀಸಾ ಬೇಡವಾದ್ದರಿಂದ ಅದರಲ್ಲಿ ಮರ್ಯಾದೆಯೂ ಅಷ್ಟಕ್ಕಷ್ಟೆ.

ಬಣ್ಣದ ವಿಷಯಕ್ಕೆ ಬಂದರೆ ಡೊಂಬಿವಲಿ ನಾರ್ವೆಗೆ ಸೋಲುವ ಊರೇ ಅಲ್ಲ. ಅಲ್ಲಿ ಆಕಾಶ ಹಸಿರಾಗುವುದನ್ನು ನೋಡಲು ಚಳಿಗಾಲದ ಕತ್ತಲಲ್ಲಿ ನಡುಗುತ್ತ ಕಾಯಬೇಕು, ಕಂಡರೆ ಕಂಡಿತು. ನಮಗೆ 2014ರ ಜನವರಿಯಲ್ಲಿ ಹಸಿರು ಮಳೆಯೇ ಸುರಿಯಿತು. 2020ರಲ್ಲಿ ಎಂಐಡಿಸಿ ಕಾರ್ಖಾನೆ ವಲಯದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿ, ಮುಖ್ಯಮಂತ್ರಿಗಳೇ ಬಂದು ನೋಡಿಹೋದರು. ಟಿಕೆಟ್ ಇರಲಿಲ್ಲ.

ನಾರ್ವೆಯವರಾದರೋ ಮಾಲಿನ್ಯದ ಈ ಸವಲತ್ತನ್ನು ಪ್ರವಾಸಿಗಳಿಂದ ಕಿತ್ತುಕೊಳ್ಳುತ್ತಿದ್ದಾರೆ. ಗೈರಾಂಗರಿನಂಥ ವಿಶ್ವಪರಂಪರೆಯ ಫ್ಯೋರ್ಡುಗಳಿಗೆ 2026ರಿಂದ ಸಣ್ಣ ಹಡಗುಗಳೂ 2032ರಿಂದ ದೊಡ್ಡವೂ ಹೊಗೆಯಿಲ್ಲದೆ ಬರಬೇಕೆಂದು ಕಾನೂನಾಗಿದೆ. ಅದು ಧಣಿಗಳಿಗೆ ಬಹಳ ಹಿಡಿಸಿದೆ. ವಾಶಿ ಸೇತುವೆಯಲ್ಲಿ ಕಾರು ನಿಧಾನ ಮಾಡಿಸಿ, ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲ ಸಮೇತ ಖಾಡಿಗೆ ಎಸೆಯುತ್ತ ಅವರು ಅದನ್ನು ನನಗೆ ವಿವರಿಸಿದರು.

ನಮ್ಮ ಊರವರ ಸಂಘದ ವಾರ್ಷಿಕೋತ್ಸವದಲ್ಲಿ ಧಣಿಗಳ ಪ್ರವಾಸದ ಸ್ಲೈಡ್ ಶೋ ನಡೆಯಿತು. ಮುಂದಿನ ಸಾಲಿನಲ್ಲಿ ತೊಂಬತ್ತರ ಹತ್ತಿರದ ಅಜ್ಜರೊಬ್ಬರು. ಹುಡುಗನಾಗಿದ್ದಾಗ ಆಗಬೋಟಿನ ಡೆಕ್ಕಿನಲ್ಲಿ ಚಾಪೆ ಹಾಸಿ, ದಾರಿಯುದ್ದಕ್ಕೂ ಕಾರುತ್ತ ಊರಿನಿಂದ ಬೊಂಬಾಯಿಗೆ ಬಂದವರು.

“ಈ ಹಡಗಿನ ಓಡಾಟ ಯಾವಾಗಿನಿಂದ ಇದೆ ಧಣಿ?”

“1893ರಿಂದ ಅಜ್ಜ. ಆ ಕರಾವಳಿಗೆ ಟಪಾಲು ಹೊರಲು ಶುರು ಮಾಡಿದ್ದು.”

“ಈಗ ಬರೇ ಟೂರಿಸ್ಟರೋ?”

“ಇಲ್ಲ ಇಲ್ಲ. ಆ ಊರಿನವರೂ ಚೀಲ ಹಿಡಿದು ಹತ್ತುತ್ತಾರೆ, ಎರಡು ಬಂದರು ಆಚೆ ಇಳಿಯುತ್ತಾರೆ.”

ಅಜ್ಜ ಕನ್ನಡಕ ತೆಗೆದು ಒರೆಸಿದರು. “ಹಾಗಾದರೆ ಅದು ಅವರ ಎಸ್.ಟಿ. ಬಸ್ಸು ಮಾರಾಯ್ರೆ. ನೀವು ಮೂರೂವರೆ ಲಕ್ಷ ಕೊಟ್ಟು ಎಸ್.ಟಿ.ಯಲ್ಲಿ ಕೂತು ಬಂದಿರಿ.”

ಸಭೆ ನಕ್ಕಿತು. ಧಣಿಗಳೂ ನಕ್ಕರು, ಸ್ವಲ್ಪ ತಡವಾಗಿ. ಮುಂದಿನ ವರ್ಷ ಅಲಾಸ್ಕಾ, ಮುಂಗಡ ಕಟ್ಟಿಯಾಗಿದೆ. ಆರು ಜನ ಸೇರಿದರೆ ತಲೆಗೆ ಹತ್ತು ಸಾವಿರ ಕಡಿಮೆಯಂತೆ, ಆಸಕ್ತ ಸದಸ್ಯರು ಗಲ್ಲಾದಲ್ಲಿ ಹೆಸರು ಕೊಡಬಹುದು.