ರಿಜೆಕ್ಟ್ ಆದ ದೆವ್ವಗಳು

ನಮ್ಮ ಓನರ್ ಅಂಕಲ್ ಮುಂದೆ ಯಾವ ದೆವ್ವವೂ ಸಲೀಸಾಗಿ ಪಾಸಾಗಿದ್ದಿಲ್ಲ. ಎಚ್‌ಎಎಲ್‌ನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡಿ ರಿಟೈರಾದವರು. ಬಿಡಿಭಾಗದ ಮೇಲೆ ಕೂದಲೆಳೆಯಷ್ಟು ಗೀರು ಕಂಡರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸಿದ ಕೈ ಅದು. ಈಗ ಆ ಕೈಗೆ ಟಿವಿ ರಿಮೋಟ್ ಸಿಕ್ಕಿದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಎದ್ದಿರುವ ಮನೆ ನಮ್ಮದು. ಕೆಳಗೆ ಅವರು, ನಡುವೆ ನಾವು, ಮೇಲೆ ಪಿಜಿ ಹುಡುಗರು. ರಾತ್ರಿ ಹತ್ತರ ಮೇಲೆ ಕೆಳಗಿನಿಂದ ಹೆಂಗಸೊಬ್ಬಳ ಚೀರಾಟ, ಬಾಗಿಲು ಕಿರ್ರೆನ್ನುವ ಸದ್ದು, ಅದರ ಬೆನ್ನಿಗೇ "ಥೂ, ಆ ಬಾಗಿಲಿಗೆ ಎರಡು ಹನಿ ಎಣ್ಣೆ ಬಿಡೋರಿಲ್ವೇನ್ರೋ" ಎಂಬ ಗಂಡು ದನಿ ಕೇಳಿಸಿದರೆ ಹೊಸಬರು ಗಾಬರಿಯಾಗಬೇಕಿಲ್ಲ. ಅಂಕಲ್ ಹಾರರ್ ಸಿನಿಮಾ ನೋಡುತ್ತಿದ್ದಾರೆ, ಅಷ್ಟೇ.

ಅವರ ತಪಾಸಣೆಗೊಂದು ಕ್ರಮವಿದೆ. ದೆವ್ವ ಅಂದಮೇಲೆ ಮೊದಲು ಒಂದು ದೂರಿರಬೇಕು. "ಸತ್ತೋರು ಸುಮ್‌ಸುಮ್ನೆ ಬರ್ತಾರೇನ್ರೀ? ಅವರಿಗೂ ಬೇರೆ ಕೆಲಸ ಇರುತ್ತೆ." ದೂರು ಯಾರ ಮೇಲೆ ಅನ್ನುವುದು ಇಂಟರ್‌ವಲ್ ಒಳಗೆ ತಿಳಿಯಬೇಕು. ಬಗೆಹರಿದ ಮೇಲೆ ದೆವ್ವ ಮರ್ಯಾದೆಯಾಗಿ ಹೊರಡಬೇಕು. ಎರಡನೇ ಭಾಗಕ್ಕೂ ಉಳಿದುಕೊಳ್ಳುವ ದೆವ್ವಗಳನ್ನು ಅವರು ರಿಟೈರಾದ ಮೇಲೆ ಎಕ್ಸ್‌ಟೆನ್ಷನ್ ಕೇಳುವವರ ಸಾಲಿಗೆ ಸೇರಿಸಿ ಕೈಬಿಟ್ಟಿದ್ದಾರೆ. 2013ರ 'ದಿ ಕಾಂಜ್ಯುರಿಂಗ್' ಶುರುವಾದ ಸ್ವಲ್ಪ ಹೊತ್ತಿಗೇ ಬಿತ್ತು. ಅಮೆರಿಕದ ಹಳ್ಳಿಯೊಂದರ ಹಳೇ ತೋಟದ ಮನೆಗೆ ಐದು ಹೆಣ್ಣುಮಕ್ಕಳ ಸಂಸಾರ ಬಂದಿಳಿಯಿತು. ಅಂಕಲ್ ಟಿವಿ ಕಡೆ ಕೈ ಚಾಚಿದರು. "ಅಲ್ಲಾ ಸ್ವಾಮಿ, ಅಷ್ಟು ಹಳೇ ಪ್ರಾಪರ್ಟಿ ತಗೋವಾಗ ಒಂದು ಇ.ಸಿ. ತೆಗೆಸಬೇಡ್ವಾ? ಹಿಂದೆ ಯಾರ ಹೆಸರಲ್ಲಿತ್ತು, ಯಾರು ಹೆಂಗೆ ಹೋದ್ರು, ಎಲ್ಲಾ ಗೊತ್ತಾಗ್ತಿತ್ತು. ನಮ್ ತಿಪ್ಪಸಂದ್ರದಲ್ಲಿ ಯಾವನಾದ್ರೂ ಹೀಗೆ ಸೈಟ್ ತಗೋತಾನಾ?" ಮಕ್ಕಳ ಮಂಚ ಅಲ್ಲಾಡಿದ್ದು, ಗೋಡೆಯಿಂದ ಫೋಟೋ ಬಿದ್ದದ್ದು ಯಾವುದೂ ಅವರಿಗೆ ತಟ್ಟಲಿಲ್ಲ. ದಾಖಲೆ ಸರಿಯಿಲ್ಲದವರ ಕಷ್ಟಕ್ಕೆ ಅವರು ಮರುಗುವುದಿಲ್ಲ.

1979ರ 'ನಾ ನಿನ್ನ ಬಿಡಲಾರೆ' ಅಂದರೆ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. "ಅನಂತನಾಗ್ ಬರೀ ಕಣ್ಣಲ್ಲೇ ದೆವ್ವ ಆದ ಕಣ್ರೀ! ಒಂದು ಹೆಣ್ಣು ದೆವ್ವ ಗಂಡಸಿನ ಮೈಮೇಲೆ ಬಂದ್ರೆ ಅವನು ಸೆರಗು ಸರಿಮಾಡ್ಕೊಳ್ಳೋ ಹಂಗೆ ನೋಡ್ತಾನೆ, ಸೆರಗೇ ಇಲ್ಲ!" ಎಂದು ತಾವೂ ಒಮ್ಮೆ ಹಾಗೆ ನೋಡುತ್ತಾರೆ. ಹೆಗಲ ಮೇಲೆ ಟವೆಲ್ ಇರುವುದರಿಂದ ಅಷ್ಟು ಪರಿಣಾಮ ಆಗುವುದಿಲ್ಲ. ದೆವ್ವದ ಪ್ರಕರಣ ಕೊನೆಗೆ ಮಂತ್ರಾಲಯದ ರಾಯರ ತನಕ ಹೋಗಿ ಇತ್ಯರ್ಥವಾಗುವುದು ಅವರಿಗೆ ಬಹಳ ಮೆಚ್ಚುಗೆ. 1973ರ 'ಎಕ್ಸಾರ್ಸಿಸ್ಟ್' ಬಗ್ಗೆ ಅವರಿಗಿರುವುದು ಕನಿಕರ ಮಾತ್ರ: "ಪಾಪ, ಬಿಡಿಸೋಕೆ ಬಂದ ಇಬ್ಬರು ಪಾದ್ರಿಗಳೂ ಹೋಗ್ಬಿಟ್ರು. ಅವರಿಗೆ ಸರಿಯಾದ ಕಡೆ ಯಾರೂ ಹೇಳ್ಕೊಡಲಿಲ್ಲ."

2004ರ 'ಆಪ್ತಮಿತ್ರ' ಡಿಸ್ಟಿಂಕ್ಷನ್. ಮಲಯಾಳಂನ 'ಮಣಿಚಿತ್ರತ್ತಾಳ್' 1993ರಲ್ಲೇ ಬಂದಿತ್ತು, ತಮಿಳು, ಹಿಂದಿಯಲ್ಲೂ ಆಮೇಲೆ ತೆಗೆದರು ಎಂದು ಯಾರಾದರೂ ಬಾಯಿಬಿಟ್ಟರೆ "ನಾನೂ ನೋಡಿದೀನಿ ಬಿಡಿ" ಎಂದು ಕಣ್ಣು ಮುಚ್ಚುತ್ತಾರೆ. 'ಆಪ್ತಮಿತ್ರ'ದ ನಾಯಕಿ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ಜಕ್ಕೂರಿನ ಹತ್ತಿರ ವಿಮಾನ ಬಿದ್ದು ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಅದಾದ ಮೇಲೆ. ಈ ಭಾಗಕ್ಕೆ ಬಂದಾಗ ಮಾತ್ರ ಅವರು ಟೀಕೆ ನಿಲ್ಲಿಸಿ ಸುಮ್ಮನಾಗುತ್ತಾರೆ. ವಿಮಾನ ಅವರ ಕಸುಬು. ಆದರೆ ಚಿತ್ರದ ದೆವ್ವ ನಾಗವಲ್ಲಿ ತೆಲುಗು ಶುರು ಮಾಡುತ್ತಿದ್ದಂತೆ ಮತ್ತೆ ಹುರುಪು ಬರುತ್ತದೆ. "ತೆಲುಗಲ್ಲಿ ಮಾತಾಡಿದ್ದಕ್ಕೇ ದೆವ್ವ ಅಂತ ಇಡೀ ಮನೆ ಕಂಗಾಲಾಯ್ತಲ್ಲ! ಇಲ್ಲಿಗೆ ಬಾಡಿಗೆಗೆ ಬಂದಿದ್ರೆ ಹತ್ತು ವರ್ಷ ಆದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ತರಕಾರಿ ಚೆನ್ನಾಗಿ ಚೌಕಾಸಿ ಮಾಡ್ತಾಳೆ ಅಂದ್ಕೊಂಡು ಸುಮ್ನಿರ್ತಿದ್ವಿ." ಉಪೇಂದ್ರ 1993ರಲ್ಲಿ ಮಾಡಿದ 'ಶ್!' ಚಿತ್ರದಲ್ಲಿ ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗಿಷ್ಟ. ಥಿಯೇಟರಿಗೆ ಬಂದವರ ಬಾಯಿ ಮುಚ್ಚಿಸುವ ಹೆಸರನ್ನು ಇಡಬಾರದಿತ್ತಂತೆ.

'ನಾಳೆ ಬಾ' ವಿಚಾರಕ್ಕೆ ಬಂದರೆ ಅಂಕಲ್ ಕನ್ನಡ ಹೋರಾಟಗಾರರಾಗುತ್ತಾರೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಈ ಎರಡು ಪದ ಇದ್ದವು. ರಾತ್ರಿ ಬಂದು ಪರಿಚಿತ ದನಿಯಲ್ಲಿ ಕರೆಯುವ ದೆವ್ವ ಇದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂಬುದು ಊರಿನ ನಂಬಿಕೆ. "ಎಂಥಾ ದೆವ್ವ ಸ್ವಾಮಿ! ಕನ್ನಡ ಓದೋಕೆ ಬರ್ತಿತ್ತು. ಬರೆದಿದ್ದಕ್ಕೆ ಬೆಲೆ ಕೊಡ್ತಿತ್ತು. ಗೇಟ್ ಮುಂದೆ 'ನೋ ಪಾರ್ಕಿಂಗ್' ಅಂತ ಮೂರು ಭಾಷೇಲಿ ಬರ್ಸಿದೀನಿ, ಒಬ್ಬನಾದ್ರೂ ಓದ್ತಾನಾ?" 2018ರಲ್ಲಿ ಹಿಂದಿಯವರು 'ಸ್ತ್ರೀ' ತೆಗೆದು ಅದೇ ದೆವ್ವವನ್ನು ಮಧ್ಯಪ್ರದೇಶದ ಚಂದೇರಿಯಲ್ಲಿ ಕೂರಿಸಿದ್ದನ್ನು ಅವರು ಇನ್ನೂ ಕ್ಷಮಿಸಿಲ್ಲ. "ನಮ್ ದೆವ್ವಾನ ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರು. ಒಂದು ಎನ್‌ಒಸಿ ಕೇಳ್ಲಿಲ್ಲ." ಮೇಲಿನ ಪಿಜಿಯ ಭೋಪಾಲದ ಹುಡುಗ ಈ ಮಾತಿಗೆ ಸಿಕ್ಕಿಬಿದ್ದು, ಚಂದೇರಿಯ ಪರವಾಗಿ ಅರ್ಧ ಗಂಟೆ ವಿವರಣೆ ಕೊಡಬೇಕಾಯಿತು.

ಇಷ್ಟೆಲ್ಲ ಸಿನಿಮಾ ನೋಡಿದರೂ ಕೊನೆಗೆ ಬಂದು ನಿಲ್ಲುವುದು ದೂರದರ್ಶನಕ್ಕೆ. ನಮ್ಮ ಬೀದಿಯಲ್ಲಿ ಮೊದಲು ಟಿವಿ ತಂದವರು ಇವರೇ. ಕೊಂಬು, ಬಾಲದ ಭೂತವನ್ನಿಟ್ಟುಕೊಂಡು ಜಾಹೀರಾತು ಕೊಡುತ್ತಿದ್ದ ಒನಿಡಾ. "ನಮ್ಮನೆಗೆ ಬಂದ ಮೊದಲ್ನೇ ದೆವ್ವ, ಅದೂ ಕಂತಿನ ಮೇಲೆ." ಆಂಟೆನಾ ಜೆ.ಸಿ. ನಗರದ ಟವರಿನ ದಿಕ್ಕಿಗೆ. ಎಚ್‌ಎಎಲ್ ರನ್‌ವೇ ಪಕ್ಕದಲ್ಲೇ ಆದ್ದರಿಂದ ಕಷ್ಟ ಬೇರೆ ಥರದ್ದು. ವಿಮಾನ ತಲೆ ಮೇಲೆ ಹಾದಾಗ ಸಿಗ್ನಲ್ ಅದರ ಮೈಗೂ ಬಡಿದು ಒಂದಿಷ್ಟು ತಡವಾಗಿ ಇನ್ನೊಂದು ಸಲ ಬಂದು ಸೇರುತ್ತಿತ್ತು. ಚಿತ್ರವೆಲ್ಲ ನಡುಗಿ, ವಾರ್ತೆ ಓದುವವರಿಗೆ ಎರಡೆರಡು ಮೂಗು. ಅದು ಯಾವ ವಿಮಾನ, ಅದರ ಯಾವ ಭಾಗವನ್ನು ತಾವು ಪಾಸು ಮಾಡಿದ್ದು ಎಂದು ಅಂಕಲ್ ಆ ಸಂದಿನಲ್ಲೇ ಹೇಳಿ ಮುಗಿಸುತ್ತಿದ್ದರು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋಗುವ ಹೊತ್ತಿಗೆ ಆಂಟೆನಾ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಬಂದಿತ್ತು.

'ಕ್ರೇಜಿ ಕರ್ನಲ್', 'ಸಿಹಿ ಕಹಿ', 'ಚಿತ್ರಮಂಜರಿ' ಎಂದು ಅವರು ಹೆಸರು ಹೇಳುವಾಗ ಕಣ್ಣು ತೇವವಾಗುವುದು ನಿಜ. 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿ ಅಪ್ಪನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿ, ದೆವ್ವವೆಂದುಕೊಂಡು ಕಳ್ಳನ ಕಾಲು ಕಚ್ಚುವ ಕಂತು ಭಾರತದ ಅತ್ಯುತ್ತಮ ಹಾರರ್ ಎಂಬುದು ಅವರ ತೀರ್ಪು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅವರಿಗೆ ಕಳೆದುಹೋಗಿರುವುದು ಧಾರಾವಾಹಿಗಳಲ್ಲ ಅಂತ ನನ್ನ ಗುಮಾನಿ. ಆಗ ಇದ್ದದ್ದು ಒಂದೇ ಚಾನೆಲ್, ಬೀದಿಗೆಲ್ಲ ಒಂದೇ ಟಿವಿ. ಹಾಲ್ ತುಂಬ ಚಕ್ಕಂಬಕ್ಕಲ ಹಾಕಿ ಕೂತ ಜನ. ಮಧ್ಯದಲ್ಲಿ ಕೂತವರಿಗೆ ಏಳಲು ದಾರಿಯಿಲ್ಲ, ಎದ್ದರೆ ಜಾಗ ಹೋಯಿತು. ಅಂಥ ಸಭೆಗೆ ವರ್ಷಗಟ್ಟಲೆ ವಿವರಣೆ ಕೊಟ್ಟವರು ಅಂಕಲ್. ಈಗ ಮೊಮ್ಮಗ ಇಯರ್‌ಫೋನ್ ಸಿಕ್ಕಿಸಿಕೊಂಡು ಸಿನಿಮಾವನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾನೆ. ಆ ವೇಗದಲ್ಲಿ ದೆವ್ವಕ್ಕೇ ಉಸಿರು ಸಿಗುವುದಿಲ್ಲ, ಇನ್ನು ತಾತನಿಗೆ ಎಲ್ಲಿ ಸಂದು?

ಹಾಗಾಗಿ ಉಳಿದಿರುವುದು ಬಾಡಿಗೆದಾರರು. ಬಾಡಿಗೆಯನ್ನು ಫೋನ್‌ನಲ್ಲಿ ಹಾಕುವ ಹಾಗಿಲ್ಲ. "ಖುದ್ದಾಗಿ ಬನ್ನಿ, ಮುಖ ನೋಡಿದ ಹಾಗಾಗುತ್ತೆ." ನೋಟು ಎಣಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಟಿವಿ ಹಾಕುತ್ತಾರೆ. ಎಣಿಕೆ ಮುಗಿಯದೆ ರಸೀದಿ ಇಲ್ಲ, ರಸೀದಿ ಇಲ್ಲದೆ ನಾವು ಏಳುವಂತಿಲ್ಲ. ಪ್ರತಿ ಸಿನಿಮಾದ ಕೊಲೆಗಾರನನ್ನು ಮೊದಲೇ ಹೇಳಿಬಿಡುವುದು ಅವರ ಉದಾರತೆ. ಇದಕ್ಕೆ ಒಂದೇ ಒಂದು ವಿನಾಯಿತಿ 'ಗುಡ್ಡದ ಭೂತ'. 'ಘಟಶ್ರಾದ್ಧ' ನಿರ್ಮಿಸಿದ ಸದಾನಂದ ಸುವರ್ಣರು ತುಳುನಾಡಿನ ಹಿನ್ನೆಲೆಯಲ್ಲಿ ನಿರ್ದೇಶಿಸಿ, 1990ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ಅದರಲ್ಲಿ ನಟಿಸಿದ ಪ್ರಕಾಶ್ ರೈ ಆಗಿನ್ನೂ ಹೊಸಬರು. ಅದರ ಶೀರ್ಷಿಕೆ ಗೀತೆಯ ಗುಂಗು 2015ರ 'ರಂಗಿತರಂಗ'ದವರೆಗೂ ಬಂತು. ಅಂಕಲ್ ಅದರ ಕೊನೆಯ ಕಂತನ್ನು ವರ್ಣಿಸುವಾಗ ದನಿ ತಗ್ಗುತ್ತದೆ: ಹಾಲ್‌ನಲ್ಲಿ ಎಷ್ಟು ಜನ, ಯಾರು ಯಾರ ಕೈ ಹಿಡಿದರು, ಯಾವ ಮಗು ಅತ್ತಿತು. ಭೂತ ಯಾರೆಂದು ಮಾತ್ರ ಹೇಳರು. "ಅದು ಹೇಳಿದ್ರೆ ಮಜಾ ಹೋಗುತ್ತೆ."

ಈ ತಿಂಗಳು ಬಾಡಿಗೆಗೆ ಹೋದಾಗ ಮೊಮ್ಮಗ ಅಲ್ಲೇ ಇದ್ದ. "ತಾತ, ಫೋನಲ್ಲಿ ಹುಡುಕಿ ಕೊಡ್ತೀನಿ, ನೋಡೇಬಿಡೋಣ" ಅಂದ. ಅಂಕಲ್ ಬೇಡವೆಂದರು. ಅಂಗೈಯಗಲದಲ್ಲಿ ನೋಡುವ ಭೂತ ಅದಲ್ಲ, ಕೊನೇ ಕಂತಿನ ಭಯ ಈ ಕಾಲಕ್ಕೆ ಬರುವುದಿಲ್ಲ, ಇತ್ಯಾದಿ.

ಕಾಫಿ ತಂದ ಆಂಟಿ ಲೋಟ ಕೆಳಗಿಟ್ಟರು. "ಏನ್ರೀ ಕೊನೇ ಕಂತು? ಅವತ್ತು ಹೆಸರು ಬೀಳೋ ಹೊತ್ತಿಗೇ ಕರೆಂಟ್ ಹೋಯ್ತಲ್ಲ! ಎಲ್ಲಾ ಕತ್ತಲಲ್ಲಿ ಕೂತಿದ್ದು, ಬರಲಿಲ್ಲ ಅಂತ ಎದ್ದು ಹೋದ್ರು. ಚಪ್ಪಲಿ ಅದಲು ಬದಲಾಗಿ ಮಾರನೇ ದಿನ ಜಗಳ ಬೇರೆ."

ಅಂಕಲ್ ಕೈಯಲ್ಲಿದ್ದ ನೋಟಿನ ಕಟ್ಟು ಅಲ್ಲೇ ನಿಂತಿತು. ಆಂಟಿಯನ್ನು ನೋಡಿದರು, ಮೊಮ್ಮಗನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ರಾ ಸ್ವಾಮಿ? ಏನೂ ತೋರಿಸ್ಲಿಲ್ಲ. ಆದ್ರೂ ಹೆಂಗೆ ಹೆದರಿಸಿದ್ರು!"